ಆಚೆ ದಡದಲ್ಲಿ ಸರ್ಹಾನ್

ಸುಜಯಾ ಕಾಂಚನ್ ಸೋಮೇಶ್ವರದ ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ಕೆಲಸಕ್ಕೆ ಸೇರಿದ ಕಾಲದಲ್ಲಿ ದಕ್ಷಿಣ ಒಕ್ಕೂಟಕ್ಕೂ ಸರ್ಹಾನಿಗೂ ಭಾರೀ ದೋಸ್ತಿ. ಅರಬ್ಬಿ ಕಡಲಿನ ಈಚೆ ದಡದಲ್ಲಿ ಒಕ್ಕೂಟ. ಭಾರತವೂ ಸುತ್ತಲಿನ ಹತ್ತಾರು ದೇಶಗಳೂ ಸೇರಿ ಆದದ್ದು. ಆಗಿನ ಜಗತ್ತಿನಲ್ಲಿ ಅದಕ್ಕೆ ಸರಿಗಟ್ಟುವ ಶಕ್ತಿ ಇನ್ನೊಂದಿರಲಿಲ್ಲ. ಆಚೆ ದಡದಲ್ಲಿ ಸರ್ಹಾನ್. ಒಂದು ತಲೆಮಾರಿನ ಹಿಂದೆ ಮರಳು, ಮೀನು ಬಿಟ್ಟರೆ ಬೇರೇನೂ ಇಲ್ಲದ ದೇಶ, ಈಗ ಹಡಗು ಕಟ್ಟುತ್ತಿತ್ತು, ದೂರದ ಬಂದರುಗಳನ್ನು ಕೊಳ್ಳುತ್ತಿತ್ತು, ಒಕ್ಕೂಟದ ಎದುರು ತಲೆ ಎತ್ತಿ ಮಾತಾಡುತ್ತಿತ್ತು.

ಇಬ್ಬರನ್ನೂ ಒಂದೇ ಮೇಜಿಗೆ ತಂದದ್ದು ಚಂಡಮಾರುತ. ಕಡಲು ಕಾದು ಕಾದು ವರ್ಷಕ್ಕೆ ನಾಲ್ಕಾರು ಮಾರುತಗಳು ಎದ್ದು ಎರಡೂ ದಡಗಳನ್ನು ಬಡಿಯುತ್ತಿದ್ದವು. ಮಾರುತದ ಆಹಾರ ಕಡಲಿನ ಮೇಲ್ಪದರದ ಬಿಸಿ. ಅದರ ದಾರಿಯಲ್ಲಿ ಆಳದ ತಣ್ಣೀರನ್ನು ಮೇಲಕ್ಕೆತ್ತಿದರೆ ಅದು ಹಸಿದು ಸಾಯುತ್ತದೆ. ಒಕ್ಕೂಟದ ವಿಜ್ಞಾನಿಗಳು ಇದಕ್ಕಾಗಿ ತೇಲುವ ಪಂಪುಗಳನ್ನು ಮಾಡಿದರು. ಮೇಲೆ ಒಂದು ತೇಲುಬುರುಡೆ, ಕೆಳಗೆ ಉದ್ದದ ಕೊಳವೆ, ತಳದಲ್ಲಿ ಕವಾಟ. ಅಲೆ ಎತ್ತಿ ಇಳಿಸಿದಂತೆಲ್ಲ ತಣ್ಣೀರು ತಾನಾಗಿ ಮೇಲೇರುತ್ತದೆ. ಇಂಧನ ಬೇಡ, ಕವಾಟ ತೆರೆಯಲು, ಮುಚ್ಚಲು ಒಂದು ಸಂಕೇತ ಸಾಕು. ಅಂಥ ಸಾವಿರಾರು ಪಂಪುಗಳು ಕಡಲ ನಡುವೆ ಉದ್ದಕ್ಕೂ ತೇಲುತ್ತಿದ್ದವು. ಜನ ಅದನ್ನು ತಂಪುಸಾಲು ಎನ್ನುತ್ತಿದ್ದರು. ಸಂಕೇತ ಕಳಿಸುವುದು ಸೋಮೇಶ್ವರದ ಕೊಠಡಿಯ ಕೆಲಸ.

ಆದರೆ ಎಲ್ಲಿ ತೆರೆಯಬೇಕು ಎಂದು ತಿಳಿಯಲು ಬಿಸಿನೀರು ಎಲ್ಲಿ ಎಷ್ಟು ಆಳಕ್ಕಿದೆ ಎಂದು ಗೊತ್ತಿರಬೇಕು. ನೀರೊಳಗಿನ ಸದ್ದು ಕೇಳಿ ಅದನ್ನು ಅಳೆಯುವ ಉಪಕರಣಗಳನ್ನು ಕಡಲಿನ ಪಶ್ಚಿಮ ಭಾಗದಲ್ಲಿ ಇಳಿಬಿಟ್ಟವರು ಸರ್ಹಾನಿನವರು. ಕೈ ಒಕ್ಕೂಟದ್ದು, ಕಣ್ಣು ಸರ್ಹಾನಿನದು. ಆ ಕಣ್ಣಿಲ್ಲದೆ ಪಂಪು ತೆರೆದರೆ ಮಾರುತ ಸಾಯುವ ಬದಲು ಅಡ್ಡ ತಿರುಗಿ ಯಾರ ಮನೆಗಾದರೂ ನುಗ್ಗಬಹುದಿತ್ತು.

ಆ ಕಣ್ಣಿನ ಹಿಂದಿದ್ದವನು ಇದ್ರೀಸ್. ಮರ್ಜಾ ಎಂಬ ಬಂದರು ನಗರದ ಕೇಂದ್ರದಲ್ಲಿ ಸುಜಯಾಳದೇ ಕೆಲಸ ಅವನದು. ಮಂಗಳೂರಿನಲ್ಲಿ ಎರಡು ವರ್ಷ ತರಬೇತಿ ಪಡೆದು ಹೋದವನು. ಲೈನಿಗೆ ಬಂದ ಕೂಡಲೇ ತಪ್ಪು ತಪ್ಪು ಉಚ್ಚಾರದ ಕನ್ನಡದಲ್ಲಿ "ಎಂತ ಮಾರಾಯ್ತಿ, ಕಡಲು ಹೇಗುಂಟು?" ಎಂದು ಕೇಳಿ ತಾನೇ ನಗುತ್ತಿದ್ದ. ಅಲ್ಲಿಂದ ಮುಂದೆ ಮಾತು ಇಂಗ್ಲಿಷಿನಲ್ಲಿ. ನೀರಿನ ಬಿಸಿ, ಗಾಳಿಯ ದಿಕ್ಕು, ಮಕ್ಕಳ ಜ್ವರ, ಎಲ್ಲವೂ.

ತಂಪುಸಾಲು ಬಂದ ಮೇಲೆ ಇನ್ನೊಂದು ಸಂಗತಿಯೂ ಆಯಿತು. ಆಳದ ನೀರಿನ ಸಾರ ಮೇಲೆ ಬಂದು ಮೀನು ಹೇರಳವಾಗಿ ಬೆಳೆಯಿತು. ಸುಜಯಾಳ ಗಂಡ ದಯಾಕರ ಮೀನಿನ ಬೋಟು ನಿಲ್ಲುವ ದಕ್ಕೆಯ ಹತ್ತಿರ ಐಸ್ ಪ್ಲಾಂಟ್ ನಡೆಸುತ್ತಿದ್ದ. ಬೋಟುಗಳು ಬಂಗುಡೆ, ಬೂತಾಯಿ ತುಂಬಿಕೊಂಡು ಬರುವುದೇನು, ಅವನ ಐಸ್ ಸಾಲದೆ ಮಲ್ಪೆಯಿಂದ ತರಿಸುವುದೇನು!

"ನಿನ್ನ ಪಂಪು ನನ್ನ ಬೆನ್ನು ಮುರೀತದೆ" ಎಂದು ಅವನು ಖುಷಿಯಲ್ಲೇ ದೂರುತ್ತಿದ್ದ.

ಈ ದೋಸ್ತಿಗೆ ಒಂದು ಲೆಕ್ಕಾಚಾರವಿದೆ ಎಂದು ಸುಜಯಾಳಿಗೆ ಮೊದಲು ತಿಳಿಸಿಕೊಟ್ಟವರು ವಿಶ್ವಜಿತ್ ಪಾಲೇಕರ್. ಒಕ್ಕೂಟದ ರಾಜಧಾನಿಯ ಕಾರ್ಯತಂತ್ರ ಇಲಾಖೆಯಿಂದ ಕೊಠಡಿಯ ಮೇಲೆ ಕಣ್ಣಿಡಲು ಬರುತ್ತಿದ್ದ ಅಧಿಕಾರಿ. ಕಾರವಾರದವರು, ಮೃದು ಮಾತು, ಇಸ್ತ್ರಿ ಕೆಡದ ಅಂಗಿ.

"ಅಧ್ಯಕ್ಷೆಯವರ ನೀತಿ ಇದು" ಎಂದಿದ್ದರು ಅವರು. "ಬೆಳೆಯುತ್ತಿರುವ ಎದುರಾಳಿಯನ್ನು ತಡೆಯುವುದು ಕಷ್ಟ. ನಮ್ಮಿಂದ ಅವರ ಬದುಕು ಹಸನಾದರೆ ಅವರು ನಮ್ಮ ಮೇಲೆ ಏಕೆ ಕೈ ಎತ್ತುತ್ತಾರೆ? ಕೊಟ್ಟು ಕಟ್ಟಬೇಕು."

ಸುಜಯಾಳಿಗೆ ಆ ಮಾತು ಹಿಡಿಸಿತು. ಚುನಾವಣೆಯಲ್ಲಿ ಆ ಅಧ್ಯಕ್ಷೆ ಸೋತರು.

ಹೊಸ ಸರಕಾರ ಬಂದ ಮೇಲೆ ಪಾಲೇಕರ್ ಮತ್ತೆ ಬಂದರು. ಅದೇ ಅಂಗಿ, ಅದೇ ಮೃದು ಮಾತು. "ಕೊಡುವುದನ್ನು ನಿಲ್ಲಿಸುವುದಿಲ್ಲ. ಆದರೆ ನಲ್ಲಿ ನಮ್ಮ ಕೈಯಲ್ಲಿದೆ ಅಂತ ಅವರಿಗೆ ಗೊತ್ತಿರಬೇಕು" ಎಂದರು. ಸರ್ಹಾನ್ ಯುದ್ಧದ ಹಡಗು ಕಟ್ಟುವುದನ್ನು ಕಡಿಮೆ ಮಾಡಿದರೆ ಮಾತ್ರ ತಂಪುಸಾಲಿನ ಒಪ್ಪಂದ ಮುಂದುವರಿಯುತ್ತದೆ ಎಂಬ ಷರತ್ತು ಬಂತು. ಸರ್ಹಾನ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂದು ದಿನ ಪಶ್ಚಿಮದ ಪಂಪುಗಳನ್ನು "ದುರಸ್ತಿಗಾಗಿ" ಮುಚ್ಚಲು ಆದೇಶ ಬಂತು.

"ದುರಸ್ತಿ ಮಾಡುವಂಥದ್ದು ಎಂತದೂ ಇಲ್ಲ ಸಾರ್" ಎಂದಳು ಸುಜಯಾ.

"ಗೊತ್ತಿದೆ. ಅವರಿಗೂ ಗೊತ್ತಾಗಬೇಕು. ಅದೇ ಉದ್ದೇಶ."

ಮಾರುತ ಏಳದ ಕಾಲ ನೋಡಿ ಮುಚ್ಚಿದ್ದರಿಂದ ಯಾರೂ ಸಾಯಲಿಲ್ಲ. ಮೀನು ಮಾತ್ರ ಚದುರಿಹೋಯಿತು. ಮರ್ಜಾದ ಬೆಸ್ತರ ಬಲೆ ಖಾಲಿ ಬಂತು, ಉಳ್ಳಾಲದವರದೂ ಖಾಲಿ ಬಂತು. ಪಂಪು ತೆರೆದ ಮೇಲೂ ಇದ್ರೀಸ್ ಮೊದಲಿನ ಹಾಗೆ ನಗಲಿಲ್ಲ.

"ಸುಜಯಾ, ನಿಜ ಹೇಳಿ. ದುರಸ್ತಿಯಾ?"

ಕೊಠಡಿಯ ಮಾತೆಲ್ಲ ದಾಖಲಾಗುತ್ತಿತ್ತು. "ಹೌದು" ಎಂದಳು. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅದು ಸುಳ್ಳೆಂದು ಅವನಿಗೆ ತಿಳಿಯಿತು ಎಂಬುದೂ ಅವಳಿಗೆ ತಿಳಿಯಿತು.

ಸರ್ಹಾನ್ ಹಡಗು ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಿತು. ಅದನ್ನೇ ತೋರಿಸಿ ಮೂರನೆಯ ಸರಕಾರ ಗೆದ್ದು ಬಂತು. ಹಾಲೆರೆದು ಹಾವು ಸಾಕಿದ್ದೇವೆ ಎಂದು ಊರೂರಲ್ಲಿ ಭಾಷಣ ಮಾಡಿದ ಅಧ್ಯಕ್ಷರು, ಕಡಲಲ್ಲಿರುವ ಸರ್ಹಾನಿನ ಉಪಕರಣಗಳು ನೀರಿನ ಬಿಸಿ ಅಳೆಯಲಿಕ್ಕಲ್ಲ, ನಮ್ಮ ಜಲಾಂತರ್ಗಾಮಿಗಳನ್ನು ಹುಡುಕಲಿಕ್ಕೆ ಎಂದರು. ಸ್ವಲ್ಪ ನಿಜವೂ ಇದ್ದಿರಬಹುದು. ನೀರಿನ ಸದ್ದು ಕೇಳುವ ಯಂತ್ರಕ್ಕೆ ಯಾವ ಸದ್ದಾದರೂ ಒಂದೇ. ಮಾಹಿತಿಯ ಸಂಪರ್ಕ ಕಡಿಯಿತು. ನಾವಿಕರ ಸುರಕ್ಷತೆಗೆಂದು ಅಲೆಗಳ ಎತ್ತರದ ಮುನ್ಸೂಚನೆಯ ಅಂಕಿಗಳನ್ನು ಮಾತ್ರ ಇಬ್ಬರೂ ಕಳಿಸಬಹುದಿತ್ತು. ಮಾತಾಡುವ ಲೈನಿನ ಗುಂಡಿಯ ಮೇಲೆ ಪಾಲೇಕರ್ ತಮ್ಮ ಕೈಯಾರೆ ಅರಗಿನ ಮೊಹರು ಹಾಕಿದರು.

"ಸಾರ್, ಕೊಟ್ಟು ಕಟ್ಟಬೇಕು ಅಂದದ್ದು ನೀವೇ ಅಲ್ವಾ?" ಎಂದು ಸುಜಯಾ ಕೇಳಿದಳು.

ಪಾಲೇಕರ್ ಬೇಸರ ಮಾಡಿಕೊಳ್ಳಲಿಲ್ಲ. "ಆಗ ನನ್ನನ್ನು ಕೇಳಿದ್ದು, ಅವರನ್ನು ಗೆಳೆಯರನ್ನಾಗಿ ಮಾಡುವುದು ಹೇಗೆ ಅಂತ. ಈಗ ಕೇಳಿದ್ದು, ಅವರನ್ನು ಹಿಂದೆ ಹಾಕುವುದು ಹೇಗೆ ಅಂತ. ಎರಡಕ್ಕೂ ನನ್ನ ಹತ್ತಿರ ಪ್ರಾಮಾಣಿಕ ಉತ್ತರವಿತ್ತು, ಕೊಟ್ಟೆ."

ನಾಲ್ಕನೆಯ ಸರಕಾರ ಶಾಂತಿಯ ಮಾತಾಡಿಯೇ ಬಂದದ್ದು. ಸುಜಯಾ ಅದಕ್ಕೇ ಓಟು ಹಾಕಿದಳು. ಮೊಹರು ಒಡೆಯುತ್ತಾರೆ ಎಂದು ಕಾದಳು. ಒಡೆಯಲಿಲ್ಲ. ಹಿಂದಿನವರು ಕಟ್ಟಿದ ಗೋಡೆಯನ್ನು ತಾವು ಕೆಡವಿದರೆ ಅಂಜಿದರು ಎಂದಾರು ಎಂಬ ಭಯ ಹೊಸ ಅಧ್ಯಕ್ಷರಿಗೆ. ಸರ್ಹಾನ್ ಕೂಡ ಒಂದು ಹೆಜ್ಜೆ ಮುಂದೆ ಬರಲಿಲ್ಲ. ಗೋಡೆ ಹಾಗೆಯೇ ಉಳಿಯಿತು. ಅದರ ಹೆಸರು ಮಾತ್ರ "ವಿವೇಕದ ಅಂತರ" ಎಂದಾಯಿತು.

ಆ ಸರಕಾರದ ಕಾಲದಲ್ಲೇ ಲಕ್ಷದ್ವೀಪದ ಪಶ್ಚಿಮಕ್ಕೆ ಒಂದು ಮಾರುತ ಎದ್ದಿತು.

ಎರಡೇ ದಿನಗಳಲ್ಲಿ ಅದು ಕೊಠಡಿಯವರು ಎಂದೂ ಕಂಡಿರದಷ್ಟು ದೊಡ್ಡದಾಯಿತು. ದಾರಿ ಸ್ಪಷ್ಟವಿತ್ತು. ಸುಮ್ಮನೆ ಬಿಟ್ಟರೆ ನೇರ ಮರ್ಜಾಕ್ಕೆ. ಅಲ್ಲಿ ಸರ್ಹಾನಿನ ನೌಕಾಪಡೆ ಲಂಗರು ಹಾಕಿತ್ತು. ಅದರ ಪಕ್ಕದಲ್ಲೇ ಇಡೀ ನಗರಕ್ಕೆ ಕುಡಿಯುವ ನೀರು ಕೊಡುವ, ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆ. ಅದರ ಹಿಂದೆ ಬೆಸ್ತರ ಹಳೆಯ ಕೇರಿಗಳು.

ಪಾಲೇಕರ್ ಮಧ್ಯಾಹ್ನದ ವಿಮಾನದಲ್ಲಿ ಬಂದಿಳಿದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಪಂಪು ತೆರೆದರೆ ಏನಾಗುತ್ತದೆ?"

"ಪಶ್ಚಿಮದ ಮಾಹಿತಿ ಇದ್ದಿದ್ರೆ ನಡುಗಡಲಲ್ಲೇ ಸಾಯ್ತಿತ್ತು ಸಾರ್. ಈಗ ಕುರುಡು. ಹೆಚ್ಚಿನ ಮಟ್ಟಿಗೆ ಬಲ ಕಳ್ಕೊಳ್ತದೆ. ಆದ್ರೆ ಐದರಲ್ಲಿ ಒಂದು ಪಾಲು, ಈಚೆ ತಿರುಗ್ಲಿಕ್ಕೂ ಸಾಕು. ಕಾರವಾರಕ್ಕೋ, ನಮಗೋ, ಹೇಳ್ಲಿಕ್ಕಾಗುದಿಲ್ಲ."

"ತೆರೆಯದಿದ್ದರೆ?"

"ಮರ್ಜಾ."

ಪಾಲೇಕರ್ ಪರದೆಯನ್ನು ನೋಡುತ್ತ ನಿಂತರು. "ರಾಜಧಾನಿಯ ತೀರ್ಮಾನ ತೆರೆಯಬಾರದು ಅಂತ. ನಾವು ಮಾರುತವನ್ನು ಅವರ ಮೇಲೆ ಬಿಡುತ್ತಿಲ್ಲ ಸುಜಯಾ. ನಮ್ಮ ಜನರನ್ನು ಪಣಕ್ಕಿಟ್ಟು ಅದನ್ನು ತಡೆಯುತ್ತಿಲ್ಲ, ಅಷ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?"

"ಅವರ ಹತ್ರ ಮಾಹಿತಿ ಕೇಳ್ತಿದ್ದೆ."

"ಕೇಳಿದರೆ ಅವರಿಲ್ಲದೆ ನಾವು ಕುರುಡರು ಅಂತ ಒಪ್ಪಿಕೊಂಡ ಹಾಗೆ. ಯಾವ ಅಧ್ಯಕ್ಷರೂ ಅದಕ್ಕೆ ರುಜು ಹಾಕುವುದಿಲ್ಲ. ಇನ್ನೊಂದು. ಮರ್ಜಾಕ್ಕೆ ಕಳಿಸುವ ಅಲೆಯ ಅಂಕಿ ಎಂದಿನ ಸಣ್ಣದೇ ಇರಲಿ. ದೊಡ್ಡ ಅಂಕಿ ಹೋದರೆ ಪಂಪು ತೆರೆದಿಲ್ಲ ಅಂತ ಅವರಿಗೆ ತಿಳಿಯುತ್ತದೆ, ಅದನ್ನೇ ಯುದ್ಧ ಅಂತ ಕರೆಯುತ್ತಾರೆ."

ಸುಜಯಾ ಊಟಕ್ಕೆಂದು ಮನೆಗೆ ಹೋದಳು. ದಯಾಕರ ಗಂಜಿ ಬಡಿಸಿಟ್ಟು ಕಾಯುತ್ತಿದ್ದ. ಅವಳು ತಟ್ಟೆ ಮುಟ್ಟಲಿಲ್ಲ. ಮನೆಯಲ್ಲಿ ಕೊಠಡಿಯ ವಿಷಯ ಮಾತಾಡಬಾರದೆಂಬ ನಿಯಮವನ್ನು ಅವಳು ಅಷ್ಟು ವರ್ಷ ಪಾಲಿಸಿದ್ದಳು. ಅಂದು ಎಲ್ಲ ಹೇಳಿದಳು.

ದಯಾಕರ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಈಚೆ ತಿರುಗಿದ್ರೆ ಇಲ್ಲಿಗೆ ಬರ್ತದಾ?"

"ಬರ್ಬಹುದು."

"ದಕ್ಕೆಯಲ್ಲಿ ಇವತ್ತು ಎಷ್ಟು ಬೋಟುಂಟು ಗೊತ್ತುಂಟಾ ನಿಂಗೆ? ಬೆಂಗ್ರೆಯ ಮನೆಗಳು ನೀರಿಗೆ ಒಂದು ಮಾರು ದೂರದಲ್ಲಿ."

"ಅಲ್ಲಿಯೂ ಹಾಗೇ ಉಂಟಲ್ಲ. ಬೋಟು, ಮನೆ."

"ನಾನು ಬೇಡ ಅಂತ ಹೇಳುದಿಲ್ಲ ಮಾರಾಯ್ತಿ. ತೆರಿ ಅಂತಲೂ ಹೇಳ್ಲಿಕ್ಕೆ ಬಾಯಿ ಬರುದಿಲ್ಲ." ಅವನು ಎದ್ದು ಅವಳ ತಟ್ಟೆಯನ್ನು ಮುಚ್ಚಿಟ್ಟ. "ಆ ಮನುಷ್ಯನಿಗಾದ್ರೂ ಹೇಳು. ನಿನ್ನ ಇದ್ರೀಸನಿಗೆ. ಓಡುವವರು ಓಡ್ಲಿ."

ಅವಳು ಮರಳಿದಾಗ ಪಾಲೇಕರ್ ಅತಿಥಿಗೃಹದಲ್ಲಿ ರಾಜಧಾನಿಯೊಡನೆ ಮಾತಾಡುತ್ತಿದ್ದರು. ಸುಜಯಾ ಕುರ್ಚಿಯಲ್ಲಿ ಕುಳಿತು ಮರ್ಜಾದ ಹೆಸರಿನ ಮುಂದೆ ನಿಜವಾದ ಅಲೆಯ ಎತ್ತರ ಹಾಕಿ ಕಳಿಸಿದಳು. ಹದಿಮೂರು ಮೀಟರ್. ಆಮೇಲೆ ಉಗುರಿನಿಂದ ಅರಗನ್ನು ಎಬ್ಬಿಸಿ ಗುಂಡಿ ಒತ್ತಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು, ಯಾರೂ ಏಳಲಿಲ್ಲ.

ಆಚೆ ಕಡೆ ಯಾರೋ ಉಸಿರೆಳೆದದ್ದು ಕೇಳಿಸಿತು. "ಸುಜಯಾ?" ದನಿ ಮುದಿಯಾಗಿತ್ತು.

"ಇದ್ರೀಸ್, ಅಂಕಿ ಬಂತಾ?"

"ಬಂತು. ಯಂತ್ರ ಕೆಟ್ಟಿದೆ ಅಂದುಕೊಂಡೆ."

"ಕೆಟ್ಟಿಲ್ಲ. ನಾವು ಪಂಪು ತೆರೀತಿಲ್ಲ. ಮಾಹಿತಿ ಇಲ್ಲದೆ ತೆರೆದರೆ ಅದು ನಮ್ಮ ಕಡೆ ತಿರುಗಬಹುದು. ನೀವು ಪಶ್ಚಿಮದ ಮಾಹಿತಿ ಕೊಡಿ, ಈಗಲೇ ನನ್ನ ಕೈಯಾರೆ ತೆರೀತೇನೆ. ನನ್ನವರನ್ನು ಕೇಳುದಿಲ್ಲ."

"ನಾನು ನನ್ನವರನ್ನು ಕೇಳಬೇಕು. ಕೀಲಿ ನನ್ನ ಹತ್ತಿರ ಇಲ್ಲ." ಅವನು ಲೈನು ಬಿಡದೆ ಎದ್ದುಹೋದ. ಖಾಲಿ ಕೊಠಡಿಯ ಸದ್ದು ಕೇಳುತ್ತ ಸುಜಯಾ ಕಾದಳು. ತಿರುಗಿ ಬಂದಾಗ ಅವನು ಕೂತ ಕುರ್ಚಿ ಕಿರುಗುಟ್ಟಿತು.

"ಕೊಡುವುದಿಲ್ಲ ಅಂದರು. ನಮ್ಮ ಜಲಾಂತರ್ಗಾಮಿಗಳು ಎಲ್ಲಿವೆ ಅಂತ ತಿಳಿಯಲು ನಿಮ್ಮ ಉಪಾಯವಂತೆ. ದೊಡ್ಡ ಅಲೆಯ ಅಂಕಿ, ನೌಕಾಪಡೆ ಬಂದರು ಬಿಟ್ಟು ಹೊರಗೆ ಬರಲಿ ಅಂತ ಹಾಕಿದ ಬಲೆಯಂತೆ."

"ನೀವು ನಂಬ್ತೀರಾ ನನ್ನನ್ನು?"

"ನಂಬುತ್ತೇನೆ. ನಾನು ನಂಬಿ ಏನು ಪ್ರಯೋಜನ? ನಮ್ಮ ಉಪಕರಣಗಳನ್ನು ಗೂಢಚಾರರು ಅಂತ ಕರೆದವರು ನೀವು. ಹೌದಪ್ಪ ಅಂತ ನಮ್ಮವರೂ ಈಗ ಹಾಗೇ ಬಳಸುತ್ತಿದ್ದಾರೆ. ಈಗ ಅದನ್ನೇ ಕೊಡಿ ಅಂದರೆ?"

"ಹಾಗಾದ್ರೆ ಕೇರಿಯನ್ನಾದ್ರೂ ಖಾಲಿ ಮಾಡಿಸಿ. ನಿಮ್ಮ ಮಕ್ಕಳನ್ನು ಕರ್ಕೊಂಡು ಗುಡ್ಡಕ್ಕೆ ಹೋಗಿ."

"ನೋಡುತ್ತೇನೆ" ಎಂದ ಇದ್ರೀಸ್. ಮತ್ತೇನೋ ಹೇಳಲು ಹೊರಟ. ಆಚೆ ಕಡೆ ಬೇರೆ ದನಿಗಳು ಕೇಳಿ ಲೈನು ಸತ್ತುಹೋಯಿತು.

ಸುಜಯಾಳ ಎದುರಿಗೆ ಕವಾಟಗಳ ಗುಂಡಿಯಿತ್ತು. ಪಾಳಿಯ ಮುಖ್ಯಸ್ಥೆ ಅವಳು, ತಡೆಯುವವರು ಯಾರೂ ಇರಲಿಲ್ಲ. ಕೈ ಅದರ ಮೇಲಿಟ್ಟಳು. ಐದರಲ್ಲಿ ನಾಲ್ಕು ಪಾಲು ಒಳ್ಳೆಯದೇ ಆಗುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಅವಳ ಕಣ್ಣ ಮುಂದೆ ಬಂದದ್ದು ಆ ಒಂದು ಪಾಲು: ಬೆಂಗ್ರೆಯ ಹೆಂಚಿನ ಮನೆಗಳು, ದಕ್ಕೆಯಲ್ಲಿ ಒಂದಕ್ಕೊಂದು ಕಟ್ಟಿದ ಬೋಟುಗಳು, ಗಂಜಿಯ ತಟ್ಟೆ ಮುಚ್ಚಿಟ್ಟ ಗಂಡ. ಪಾಲೇಕರ್ ಬಾಗಿಲು ತೆರೆದು ಒಳಗೆ ಬರುವಾಗಲೂ ಕೈ ಗುಂಡಿಯ ಮೇಲೇ ಇತ್ತು. ಒತ್ತಿರಲಿಲ್ಲ.

ಮಾರುತ ಮರ್ಜಾವನ್ನು ಹೊಕ್ಕಿತು. ನೌಕಾಪಡೆಯ ಹಡಗುಗಳು ಕಟ್ಟೆ ಏರಿ ಬಿದ್ದವು. ಬೆಸ್ತರ ಕೇರಿಗಳು ಇದ್ದ ಜಾಗದಲ್ಲಿ ಕೆಸರು ಉಳಿಯಿತು. ನೀರಿನ ಕಾರ್ಖಾನೆ ಒಡೆದು, ಅಲೆಗೆ ಸಿಕ್ಕದೆ ಉಳಿದವರಲ್ಲೂ ಹಲವರು ಬಾಯಾರಿ ಸತ್ತರು. ಒಕ್ಕೂಟ ಕುಡಿಯುವ ನೀರಿನ ಹಡಗು ಕಳಿಸಿತು. ಸರ್ಹಾನ್ ಅದನ್ನು ಬಂದರಿಗೆ ಬಿಟ್ಟುಕೊಳ್ಳಲಿಲ್ಲ.

ಮೊಹರು ಒಡೆದದ್ದಕ್ಕೆ ಸುಜಯಾಳನ್ನು ವಿಚಾರಿಸಿ ಮನೆಗೆ ಕಳಿಸಿದರು. ಜೈಲಾಗದ ಹಾಗೆ ನೋಡಿಕೊಂಡದ್ದು ಪಾಲೇಕರ್ ಎಂದು ಆಮೇಲೆ ತಿಳಿಯಿತು. ಪಂಪು ಏಕೆ ತೆರೆಯಲಿಲ್ಲ ಎಂದು ವಿಚಾರಣೆಯಲ್ಲಿ ಒಬ್ಬರೂ ಕೇಳಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೀದಿಯಲ್ಲಿ ಕೆಲವರು ಅವಳನ್ನು ದೇಶದ್ರೋಹಿ ಎಂದರು, ಕೆಲವರು ಪುಣ್ಯಾತಗಿತ್ತಿ ಎಂದರು. ಎರಡೂ ಮಾತು ಕೇಳಿದಾಗ ಅವಳು ತಲೆ ತಗ್ಗಿಸಿ ಮುಂದೆ ನಡೆಯುತ್ತಿದ್ದಳು.

ಇದ್ರೀಸನ ಸುದ್ದಿ ಆಚೆ ದಡದ ವಾರ್ತೆಯಲ್ಲಿ ಬಂತು. ಶತ್ರುವಿನ ಜೊತೆ ಮಾತಾಡಿದ, ಮಾರುತ ಬರುವುದು ಮೊದಲೇ ಗೊತ್ತಿದ್ದೂ ದೇಶವನ್ನು ಉಳಿಸಲಿಲ್ಲ ಎಂದು ಅವನನ್ನು ಸೆರೆಗೆ ಹಾಕಿದ್ದರು.

"ನಾನು ಲೈನು ತೆಗೀಬಾರದಿತ್ತು" ಎಂದಳು ಸುಜಯಾ.

"ತೆಗೀದಿದ್ರೆ ಈಗ ನಿದ್ದೆ ಬರ್ತಿತ್ತಾ ನಿಂಗೆ?" ಎಂದ ದಯಾಕರ. ಅವನೂ ನಿದ್ದೆಗೆಟ್ಟಿದ್ದ. ಸರ್ಹಾನಿನ ಗಸ್ತಿನ ಭಯಕ್ಕೆ ಬೋಟುಗಳು ದೂರ ಹೋಗುತ್ತಿರಲಿಲ್ಲ. ಐಸ್ ಪ್ಲಾಂಟಿನ ಒಂದು ಯಂತ್ರ ಮಾತ್ರ ಓಡುತ್ತಿತ್ತು.

ಐದನೆಯ ಸರಕಾರ ಬಂದಾಗ ಪಾಲೇಕರ್ ನೇರ ಮನೆಗೇ ಬಂದರು. ಚಾವಡಿಯಲ್ಲಿ ಕೂತು ದಯಾಕರ ಕೊಟ್ಟ ಚಹಾ ಕುಡಿದರು. ಹೊಸ ಅಧ್ಯಕ್ಷರಿಗೆ ಮತ್ತೆ ಸ್ನೇಹ ಬೇಕಾಗಿದೆ. ಸರ್ಹಾನ್ ಈಗ ತನ್ನದೇ ತಂಪುಸಾಲು ಕಟ್ಟುತ್ತಿದೆ. ಅದು ಮುಗಿದರೆ ಮಾರುತವನ್ನು ಬೇಕಾದ ಕಡೆ ತಳ್ಳುವ ಕೈ ಅವರಿಗೂ ಬರುತ್ತದೆ. ಅದನ್ನು ನಿಲ್ಲಿಸಿದರೆ ಒಕ್ಕೂಟ ತನ್ನ ಪಂಪುಗಳನ್ನು ಹಂಚಿಕೊಳ್ಳುತ್ತದೆ, ಮೊದಲಿನ ಹಾಗೆ. ಮಾತುಕತೆಗೆ ಸರ್ಹಾನ್ ಒಂದೇ ಷರತ್ತು ಹಾಕಿದೆ: ಆ ದಿನ ಲೈನಿನಲ್ಲಿದ್ದ ಹೆಂಗಸು ಬರಬೇಕು.

"ಹೋಗು" ಎಂದ ದಯಾಕರ. "ನೀನು ಹೋಗದೆ ಇರ್ಲಿಕ್ಕಿಲ್ಲ ಅಂತ ನಂಗೆ ಗೊತ್ತುಂಟು."

ಮರ್ಜಾದ ಹೊಸ ಕೇಂದ್ರ ಗುಡ್ಡದ ಮೇಲಿತ್ತು. ಮೇಜಿನ ಆಚೆ ಕೂತಿದ್ದವಳು ನೈಲಾ, ಇದ್ರೀಸನ ಕೈಕೆಳಗೆ ಕಲಿತವಳು, ಈಗ ಕೇಂದ್ರದ ಮುಖ್ಯಸ್ಥೆ. ಪಾಲೇಕರ್ ಅಧ್ಯಕ್ಷರ ಸಂದೇಶ ಓದಿ ಮುಗಿಸುವ ತನಕ ಅವಳು ಕಾದಳು. ಆಮೇಲೆ ಸುಜಯಾಳ ಕಡೆ ತಿರುಗಿದಳು.

"ಇದ್ರೀಸ್ ಸೆರೆಯಿಂದ ಮನೆಗೆ ಬಂದಿದ್ದಾರೆ. ಯಾರನ್ನೂ ನೋಡುವುದಿಲ್ಲ. ನಿಮ್ಮನ್ನೂ ನೋಡುವುದಿಲ್ಲವಂತೆ. ನಿಮ್ಮ ಅಂಕಿಯನ್ನು ನಂಬಿ ಅವರು ಒಂದು ಬೀದಿಯನ್ನು ಖಾಲಿ ಮಾಡಿಸಿದ್ದರು. ಆ ಬೀದಿಯವರು ಬದುಕಿದರು ಅಂತ ಹೇಳಲು ಹೇಳಿದ್ದಾರೆ."

ಆ ಬೀದಿ ಯಾವುದೆಂದು ನೋಡಲು ಸುಜಯಾ ಕಿಟಕಿಯ ಕಡೆ ತಿರುಗಿದಳು.

"ನನ್ನದು ಒಂದು ಪ್ರಶ್ನೆ" ಎಂದಳು ನೈಲಾ. "ಗುಂಡಿ ನಿಮ್ಮ ಕೈಕೆಳಗಿತ್ತು. ಏಕೆ ಒತ್ತಲಿಲ್ಲ?"

ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. "ಅದು ನಮ್ಮೂರಿಗೆ ತಿರುಗುವ ಸಾಧ್ಯತೆ ಇತ್ತು. ಸ್ವಲ್ಪವೇ. ಆದರೂ ಹೆದರಿದೆ" ಎಂದಳು ಸುಜಯಾ.

ನೈಲಾ ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. "ನಿಮ್ಮ ಅಧ್ಯಕ್ಷರ ಅವಧಿ ಎಷ್ಟು ವರ್ಷ?"

"ಐದು."

"ಆಮೇಲೆ ಬರುವವರು ಈ ಮಾತನ್ನು ಉಳಿಸಿಕೊಳ್ಳುತ್ತಾರಾ?"

ಪಾಲೇಕರ್ ಮುಂದೆ ಬಾಗಿದರು. "ಒಪ್ಪಂದಕ್ಕೆ ಸಂಸತ್ತಿನ ಮುದ್ರೆ ಇರುತ್ತದೆ..."

"ಇವರನ್ನು ಕೇಳಿದೆ" ಎಂದಳು ನೈಲಾ.

ಕಿಟಕಿಯಾಚೆ ಕೆಸರು ಒಣಗಿದ ಬಯಲಿನಲ್ಲಿ ಉದ್ದುದ್ದ ಕೊಳವೆಗಳನ್ನು ಜೋಡಿಸುತ್ತಿದ್ದರು. ಅವು ಒಂದು ದಿನ ಯಾವ ಮಾರುತವನ್ನು ಯಾರ ಕಡೆ ತಳ್ಳುತ್ತವೋ ಸುಜಯಾಳಿಗೆ ಗೊತ್ತಿರಲಿಲ್ಲ. ಬೆಂಗ್ರೆಯೂ ಅದೇ ಕಡಲಿನ ದಡದಲ್ಲಿತ್ತು. ಪಾಲೇಕರ್ ಅವಳನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಅವಳು ಮೊದಲ ಸಲ ಯಾಚನೆಯನ್ನು ಕಂಡಳು.

"ಗೊತ್ತಿಲ್ಲ" ಎಂದಳು ಅವಳು. "ನಾನು ನಾಲ್ಕು ಸರಕಾರಗಳ ಕೆಳಗೆ ಕೂತವಳು. ಉಳಿಸಿಕೊಳ್ಳುತ್ತಾರೆ ಅಂತ ನಿಮಗೆ ನಾನು ಹೇಳಲಾರೆ."

"ಹಾಗಾದರೆ ನಾವು ಇದನ್ನು ನಿಲ್ಲಿಸಬೇಕಾ?"

"ಬೇಡ. ಕಟ್ಟಿ."

ಪಾಲೇಕರ್ ಕಡತ ಮುಚ್ಚಿದರು. ನೈಲಾ ಸ್ವಲ್ಪ ಹೊತ್ತು ಸುಜಯಾಳ ಮುಖವನ್ನೇ ನೋಡುತ್ತ ಕೂತಿದ್ದು, ಆಮೇಲೆ ಎದ್ದುಹೋಗಿ ಪಂಪಿನ ಒಂದು ದೊಡ್ಡ ನಕ್ಷೆ ತಂದು ಮೇಜಿನ ಮೇಲೆ ಬಿಡಿಸಿದಳು. ಕೊಳವೆಯ ತಳದ ಕವಾಟದ ಮೇಲೆ ಬೆರಳಿಟ್ಟಳು.

"ಇದು ಸಿಕ್ಕಿಕೊಳ್ಳುತ್ತಿದೆ. ಏಕೆ ಅಂತ ನಮಗೆ ಗೊತ್ತಾಗುತ್ತಿಲ್ಲ."

"ಸುಜಯಾ" ಎಂದರು ಪಾಲೇಕರ್, ಬಹಳ ಮೆಲ್ಲಗೆ.

ಸುಜಯಾ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ನಕ್ಷೆಯ ಮೇಲೆ ಬಗ್ಗಿದಳು.